ವೆಬ್ ಆ್ಯಪ್‌ಗೆ ಕನ್ನಡ ಕಾಗುಣಿತ ತಪಾಸಣೆಯನ್ನು ಅಳವಡಿಸುವುದು: ಒಂದು ಸಮಗ್ರ ಮಾರ್ಗದರ್ಶಿ

ವರದಿಗಾರರು ಸುದ್ದಿ ಬರೆದು ಕಳುಹಿಸುವ ವೆಬ್ ಪುಟವೊಂದನ್ನು ರೂಪಿಸುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಸಿದ್ಧವಾಗಿ ಸಿಕ್ಕ ಕನ್ನಡ ಪದಪಟ್ಟಿಯೊಂದನ್ನು ಜೋಡಿಸಿ, ಪಟ್ಟಿಯಲ್ಲಿಲ್ಲದ ಪದಗಳ ಕೆಳಗೆ ಕೆಂಪು ಗೆರೆ ಎಳೆಯುವ ವ್ಯವಸ್ಥೆಯನ್ನು ಎರಡೇ ದಿನಗಳಲ್ಲಿ ಮುಗಿಸಿ ಬೀಗಿದ್ದೆ. ಮೂರನೆಯ ದಿನ ಅಲ್ಲಿನ ಹಿರಿಯ ಕರಡು ತಿದ್ದುವವರು ಕರೆ ಮಾಡಿ, "ನಾಲ್ಕು ಸಾಲು ಬರೆದರೆ ಇಪ್ಪತ್ತು ಗೆರೆ ಬರ್ತಾವಲ್ರೀ, ತಪ್ಪಿರೋದು ಒಂದೇ ಪದ, ಅದಕ್ಕೆ ಮಾತ್ರ ಗೆರೆ ಇಲ್ಲ" ಎಂದರು. ಆ ವಾರದೊಳಗೆ ಎಲ್ಲರೂ ತಪಾಸಣೆಯನ್ನು ನಿಲ್ಲಿಸಿಬಿಟ್ಟಿದ್ದರು. ಸರಿಯಾದ ಪದದ ಕೆಳಗೆ ಗೆರೆ ಎಳೆಯುವ ತಪಾಸಕವನ್ನು ಯಾರೂ ನಂಬುವುದಿಲ್ಲ, ಒಮ್ಮೆ ನಂಬಿಕೆ ಹೋದ ಮೇಲೆ ಅದು ಹಿಡಿದ ನಿಜವಾದ ತಪ್ಪನ್ನೂ ಯಾರೂ ನೋಡುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಹೆಜ್ಜೆಗಳು ಸುಳ್ಳು ಗೆರೆಗಳನ್ನು ಕಡಿಮೆ ಮಾಡುವ ಕೆಲಸಕ್ಕೇ ಮೀಸಲಾಗಿವೆ. ಓದುಗರಿಗೆ ಜಾವಾಸ್ಕ್ರಿಪ್ಟ್‌ನ ಸಾಧಾರಣ ಪರಿಚಯವಿದೆ ಎಂದು ಭಾವಿಸಿದ್ದೇನೆ. ಆಜ್ಞೆಗಳ ಹೆಸರುಗಳನ್ನೂ, ಪ್ರತಿ ಅಕ್ಷರ ಮತ್ತು ಚಿಹ್ನೆಗೆ ಯೂನಿಕೋಡ್ ಎಂಬ ವ್ಯವಸ್ಥೆ ಕೊಟ್ಟಿರುವ ಸಂಕೇತಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ; ಕೋಡ್‌ನಲ್ಲಿ ಅವು ಎಂದಿನಂತೆ ರೋಮನ್ ಅಕ್ಷರಗಳಲ್ಲಿರಬೇಕು.

1. ಬ್ರೌಸರ್ ತಾನಾಗಿ ಮಾಡುವುದು ಎಷ್ಟು ಎಂದು ಮೊದಲು ನೋಡಿಕೊಳ್ಳಿ

ಎಚ್‌ಟಿಎಂಎಲ್‌ನಲ್ಲಿ ಸ್ಪೆಲ್‌ಚೆಕ್ ಎಂಬ ಗುಣಲಕ್ಷಣವಿದೆ. ಟೆಕ್ಸ್ಟ್‌ಏರಿಯಾಗೆ ಅಥವಾ ತಿದ್ದಬಹುದಾದ ಯಾವುದೇ ಪೆಟ್ಟಿಗೆಗೆ ಇದನ್ನು 'ಟ್ರೂ' ಎಂದು ಕೊಟ್ಟು, ಜೊತೆಗೆ ಲ್ಯಾಂಗ್ ಗುಣಲಕ್ಷಣದಲ್ಲಿ ಕನ್ನಡದ ಸಂಕೇತವಾದ 'ಕೆಎನ್' ಎಂದು ಬರೆದರೆ, ತಪಾಸಣೆ ಮಾಡುವಂತೆ ಬ್ರೌಸರಿಗೆ ಸೂಚನೆ ಹೋಗುತ್ತದೆ. ಆದರೆ ಬಳಕೆದಾರರ ಬ್ರೌಸರಿನಲ್ಲಿ ಕನ್ನಡ ಪದಕೋಶ ಇದ್ದರೆ ಮಾತ್ರ ಆ ಸೂಚನೆಗೆ ಅರ್ಥ ಬರುತ್ತದೆ. ಫೈರ್‌ಫಾಕ್ಸ್ ಲ್ಯಾಂಗ್ ಗುಣಲಕ್ಷಣವನ್ನು ಗಮನಿಸಿ ಪದಕೋಶವನ್ನು ಆರಿಸಿಕೊಳ್ಳುತ್ತದೆ; ಕ್ರೋಮ್ ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ಆರಿಸಿದ ಭಾಷೆಗಳನ್ನು ಅವಲಂಬಿಸುತ್ತದೆ. ಯಾವ ಪದ ತಪ್ಪೆಂದು ಬ್ರೌಸರ್ ತೀರ್ಮಾನಿಸಿತು ಎಂಬುದು ನಿಮ್ಮ ಜಾವಾಸ್ಕ್ರಿಪ್ಟ್‌ಗೆ ತಿಳಿಯುವ ದಾರಿಯೂ ಇಲ್ಲ, ಏಕೆಂದರೆ ಬಳಕೆದಾರರ ಖಾಸಗಿ ಪದಕೋಶವನ್ನು ಅದರ ಮೂಲಕ ಊಹಿಸಬಹುದೆಂಬ ಕಾರಣಕ್ಕೆ ಅದನ್ನು ಮುಚ್ಚಿಡಲಾಗಿದೆ.

ಅನಿಸಿಕೆ ಬರೆಯುವ ಸಣ್ಣ ಪೆಟ್ಟಿಗೆಯಂಥದ್ದಕ್ಕೆ ಇಷ್ಟೇ ಸಾಕು. ಅರ್ಜಿ, ಪತ್ರ, ಸುದ್ದಿ, ಪಾಠದಂಥ ಉದ್ದನೆಯ ಬರಹವನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ತಪಾಸಿಸಬೇಕಾದರೆ ಸ್ವಂತ ತಪಾಸಕ ಬೇಕು. ಆಗ ಆ ಪೆಟ್ಟಿಗೆಗೆ ಸ್ಪೆಲ್‌ಚೆಕ್ ಗುಣಲಕ್ಷಣವನ್ನು 'ಫಾಲ್ಸ್' ಎಂದು ಬದಲಿಸಿಬಿಡಿ. ಇಲ್ಲದಿದ್ದರೆ ಒಂದೇ ಪದಕ್ಕೆ ಎರಡು ಗೆರೆಗಳು ಬಿದ್ದು, ಬಲಗುಂಡಿ ಒತ್ತಿದಾಗ ಎರಡು ಪಟ್ಟಿಗಳು ಜಗಳಕ್ಕಿಳಿಯುತ್ತವೆ. ಪಾಸ್‌ವರ್ಡ್, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯಂಥ ವಿವರಗಳ ಪೆಟ್ಟಿಗೆಗಳಲ್ಲಂತೂ ಬ್ರೌಸರಿನ ತಪಾಸಣೆಯನ್ನು ಕಡ್ಡಾಯವಾಗಿ ನಿಲ್ಲಿಸಿಡಬೇಕು: ಕ್ರೋಮ್‌ನ ವರ್ಧಿತ ತಪಾಸಣೆಯನ್ನು ಬಳಕೆದಾರರು ಚಾಲೂ ಮಾಡಿದ್ದರೆ, ಅವರು ಬರೆದದ್ದು ತಪಾಸಣೆಗಾಗಿ ಗೂಗಲ್‌ನ ಸರ್ವರಿಗೆ ಹೋಗುತ್ತದೆ.

2. ಪಠ್ಯವನ್ನು ಒಂದೇ ರೂಪಕ್ಕೆ ತನ್ನಿ

ಪದಕೋಶಕ್ಕೆ ಕೈ ಹಾಕುವ ಮೊದಲು ಯೂನಿಕೋಡ್ ಮಟ್ಟದಲ್ಲಿ ಕಸ ಗುಡಿಸಬೇಕು. ನನ್ನ ಅನುಭವದಲ್ಲಿ ಸುಳ್ಳು ಗೆರೆಗಳ ದೊಡ್ಡ ಪಾಲು ಹುಟ್ಟುವುದು ಇಲ್ಲಿಯೇ, ಮತ್ತು ಇದು ಕಣ್ಣಿಗೆ ಕಾಣುವುದೂ ಇಲ್ಲ.

'ಕೋ' ಎಂಬ ಅಕ್ಷರವನ್ನು ತೆಗೆದುಕೊಳ್ಳಿ. ಕ ಎಂಬ ವ್ಯಂಜನದ ಮುಂದೆ ಓಕಾರದ ಚಿಹ್ನೆಯಾದ 0ಸಿಸಿಬಿ ಎಂಬ ಒಂದೇ ಸಂಕೇತವಿರಬಹುದು. ಅದರ ಬದಲಿಗೆ ಎತ್ವದ 0ಸಿಸಿ6, ಅದರ ಬಳಿಕ ಊಕಾರದ 0ಸಿಸಿ2, ಕೊನೆಗೆ ದೀರ್ಘದ 0ಸಿಡಿ5 ಹೀಗೆ ಮೂರು ಸಂಕೇತಗಳೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿನ ಪಾಲಿಗೆ ಬೇರೆ ಬೇರೆ ಪದಗಳು. ಈಕಾರ, ಏಕಾರ, ಐಕಾರ, ಒಕಾರಗಳ ಚಿಹ್ನೆಗಳಿಗೂ ಇದೇ ಇಬ್ಬಗೆ ಇದೆ. ಪರಿಹಾರ ಸರಳ: ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಎಂಬ ವಿಧಾನವನ್ನು 'ಎನ್‌ಎಫ್‌ಸಿ' ಎಂಬ ಆಯ್ಕೆಯೊಂದಿಗೆ ಕರೆದರೆ ಬಿಡಿ ಸಂಕೇತಗಳೆಲ್ಲ ಕೂಡಿಕೊಂಡು ಒಂದೇ ರೂಪಕ್ಕೆ ಬರುತ್ತವೆ. ಬಳಕೆದಾರರ ಪಠ್ಯವನ್ನಷ್ಟೇ ಅಲ್ಲದೆ ಪದಕೋಶದ ಕಡತವನ್ನೂ ಹೀಗೆಯೇ ಒಮ್ಮೆ ಸೋಸಿಡಬೇಕು. ಇದನ್ನು ಮರೆತು ಅರ್ಧ ದಿನ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ.

ಎರಡನೆಯದು ಕಾಣದ ಜೋಡಕಗಳು. 'ಸಾಫ್ಟ್‌ವೇರ್' ಎಂಬಲ್ಲಿ ಟ್ ಮತ್ತು ವೇ ಒತ್ತಕ್ಷರವಾಗದಂತೆ ತಡೆಯಲು 200ಸಿ ಎಂಬ ಸೊನ್ನೆ ಅಗಲದ ಸಂಕೇತ ಬೇಕು. 'ರ‍್ಯಾಂಕ್' ಎಂಬಲ್ಲಿ ಅರ್ಕಾವೊತ್ತು ಬಾರದಂತೆ ಮಾಡಲು 200ಡಿ ಬೇಕು. ಕೆಲವು ಕೀಲಿಮಣೆಗಳು ಇವನ್ನು ಬೇಡದ ಕಡೆಯೂ ಸೇರಿಸುತ್ತವೆ, ಕೆಲವು ಬೇಕಾದ ಕಡೆಯೂ ಬಿಡುತ್ತವೆ. ಹೋಲಿಕೆಗಾಗಿ ಮಾತ್ರ ಈ ಎರಡನ್ನೂ ತೆಗೆದುಹಾಕಿದ ಒಂದು ಪ್ರತಿಯನ್ನು ಮಾಡಿಕೊಳ್ಳಿ, ಮೂಲ ಪಠ್ಯವನ್ನು ಮುಟ್ಟಬೇಡಿ. ವರ್ಡ್ ಅಥವಾ ಪಿಡಿಎಫ್‌ನಿಂದ ಅಂಟಿಸಿದ ಪಠ್ಯದಲ್ಲಿ ಸಿಗುವ 00ಎಡಿ ಎಂಬ ಮೃದು ಅಡ್ಡಗೆರೆ, 200ಬಿ ಎಂಬ ಸೊನ್ನೆ ಅಗಲದ ಖಾಲಿ ಜಾಗ ಇವುಗಳಿಗೂ ಇದೇ ಮದ್ದು.

ಮೂರನೆಯದು ಸೊನ್ನೆಯ ಕಾಟ. ಅನುಸ್ವಾರದ ಸಂಕೇತ 0ಸಿ82. ಕನ್ನಡ ಅಂಕಿಯ ಸೊನ್ನೆ 0ಸಿಇ6. 'ಬಂದು' ಎಂದು ಬರೆಯುವ ಬದಲು 'ಬ೦ದು' ಎಂದು ಅಂಕಿಯ ಸೊನ್ನೆಯನ್ನು ಹಾಕಿ ಬರೆಯುವವರು ಇಂದಿಗೂ ಬಹಳ ಜನ, ಕೆಲವರು ಇಂಗ್ಲಿಷ್ ಅಂಕಿಯಾದ 0 ಅನ್ನೇ ತುರುಕುತ್ತಾರೆ. ಓದುವವರ ಕಣ್ಣಿಗೆ ಇದು ತಪ್ಪೆಂದೇ ತೋರುವುದಿಲ್ಲ, ಆದರೆ ಆ ಬರಹ ಹುಡುಕಾಟದಲ್ಲಿ ಎಂದೂ ಸಿಗುವುದಿಲ್ಲ. ಸೊನ್ನೆಯ ಹಿಂದೆ ಕನ್ನಡ ಅಕ್ಷರವಿದ್ದು, ಮುಂದೆಯೂ ಕನ್ನಡ ಅಕ್ಷರವೇ ಇದ್ದರೆ ಅದನ್ನು ಅನುಸ್ವಾರವೆಂದು ತಿಳಿಯುವ ಒಂದು ನಿಯಮವನ್ನು ಬರೆಯಿರಿ. ಇಲ್ಲಿ ಕೆಂಪು ಗೆರೆಯ ಬದಲು ತಾನಾಗಿಯೇ ತಿದ್ದಿಬಿಡುವುದು ಮೇಲು. ತಾನಾಗಿ ತಿದ್ದುವುದಕ್ಕೆ ನಾನು ಒಪ್ಪುವ ಸಂದರ್ಭ ಇದೊಂದೇ.

ಇನ್ನು ಹಳೆಯ ನುಡಿ ಅಥವಾ ಬರಹ ತಂತ್ರಾಂಶಗಳ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ದಾಖಲೆಯಿಂದ ಅಂಟಿಸಿದ ಪಠ್ಯ ಯೂನಿಕೋಡ್ ಆಗಿರುವುದೇ ಇಲ್ಲ. ಫಾಂಟ್ ಕಳಚಿದೊಡನೆ ಅದು ರೋಮನ್ ಅಕ್ಷರಗಳ ಮತ್ತು ಒತ್ತುಗುರುತುಗಳ ರಾಶಿಯಾಗಿ ಕಾಣುತ್ತದೆ. ಕನ್ನಡ ಬರೆಯಬೇಕಾದ ಪೆಟ್ಟಿಗೆಯಲ್ಲಿ ಅಂಟಿಸಿದ ಪಠ್ಯದ ಬಹುಪಾಲು ಕನ್ನಡ ವಲಯದ ಹೊರಗಿದ್ದರೆ ತಪಾಸಣೆಯನ್ನು ನಡೆಸದೆ, 'ಈ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ' ಎಂಬ ಒಂದು ಸಾಲಿನ ಸೂಚನೆಯನ್ನು ತೋರಿಸಿ.

3. ಪದಗಳನ್ನು ಸರಿಯಾಗಿ ಬೇರ್ಪಡಿಸಿ

ಇಂಗ್ಲಿಷ್‌ಗಾಗಿ ಬರೆದ ಉದಾಹರಣೆಗಳನ್ನು ನಕಲು ಮಾಡಿದವರು ಮೊದಲು ಎಡವುವುದು ಇಲ್ಲಿ. ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಪದದ ಅಕ್ಷರ ಮತ್ತು ಪದದ ಅಂಚು ಎಂಬ ಗುರುತುಗಳು ಜಾವಾಸ್ಕ್ರಿಪ್ಟ್‌ನಲ್ಲಿ ರೋಮನ್ ಅಕ್ಷರಗಳನ್ನು ಮಾತ್ರ ಬಲ್ಲವು. ಅದಕ್ಕೆ ಬದಲಾಗಿ ಯೂನಿಕೋಡ್‌ನ 'ಅಕ್ಷರ' ಎಂಬ ವರ್ಗವನ್ನು ಬಳಸಿದರೂ ಸಾಲದು: ಗುಣಿತದ ಚಿಹ್ನೆಗಳು ಮತ್ತು ಹಲಂತವು ಯೂನಿಕೋಡ್‌ನಲ್ಲಿ 'ಗುರುತು' ಎಂಬ ಬೇರೆ ವರ್ಗಕ್ಕೆ ಸೇರಿವೆ, ಹಾಗಾಗಿ 'ಪುಸ್ತಕ' ಎಂಬ ಪದವು ಪ, ಸ, ತಕ ಎಂದು ಮೂರು ತುಂಡಾಗುತ್ತದೆ. 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಇಡೀ ಕನ್ನಡ ವಲಯವನ್ನೂ ಎರಡು ಸೊನ್ನೆ ಅಗಲದ ಜೋಡಕಗಳನ್ನೂ ಒಂದೇ ಗುಂಪಾಗಿ ಹಿಡಿಯುವ ನಿಯಮವನ್ನು ನೀವೇ ಬರೆಯುವುದು ಅತಿ ಸುರಕ್ಷಿತ. ಹೊಸ ಬ್ರೌಸರುಗಳಲ್ಲಿರುವ ಇಂಟ್ಲ್ ಸೆಗ್ಮೆಂಟರ್ ಎಂಬ ಸೌಲಭ್ಯವೂ ಪದಗಳನ್ನು ಬೇರ್ಪಡಿಸಿ ಕೊಡುತ್ತದೆ. ಹಲವು ಭಾಷೆಗಳನ್ನು ಬೆಂಬಲಿಸಬೇಕಾದವರಿಗೆ ಅದು ಅನುಕೂಲ.

ಬೇರ್ಪಡಿಸಿದ ಪದಗಳಲ್ಲಿ ತಪಾಸಣೆಗೆ ಯೋಗ್ಯವಲ್ಲದ್ದನ್ನು ಈ ಹಂತದಲ್ಲೇ ಬದಿಗಿಡಿ. '2024ರಲ್ಲಿ', '10ನೇ' ಎಂಬಲ್ಲಿ ಅಂಕಿಗೆ ಅಂಟಿದ 'ರಲ್ಲಿ', 'ನೇ' ಎಂಬ ಪ್ರತ್ಯಯಗಳು ಒಂಟಿ ಪದಗಳಾಗಿ ನಿಂತು ಸುಳ್ಳು ಗೆರೆ ಪಡೆಯುತ್ತವೆ. ರೋಮನ್ ಲಿಪಿಯ ಹೆಸರಿಗೆ ಕನ್ನಡ ಪ್ರತ್ಯಯ ಹತ್ತಿದಾಗಲೂ ಹೀಗೆಯೇ. ತುಣುಕಿನ ಎಡಕ್ಕೆ ಖಾಲಿ ಜಾಗವಿಲ್ಲದೆ ಅಂಕಿ ಅಥವಾ ರೋಮನ್ ಅಕ್ಷರವಿದ್ದರೆ ಅದನ್ನು ಬಿಟ್ಟುಬಿಡಿ. 'ಕೆ.ಆರ್. ನಗರ' ಎಂಬಂಥ ಚುಕ್ಕೆಯ ಹ್ರಸ್ವರೂಪಗಳನ್ನು, ವೆಬ್ ವಿಳಾಸಗಳನ್ನು, ಇಮೇಲ್‌ಗಳನ್ನು ಕೂಡ ಬಿಡಬೇಕು. 'ತಂದೆ-ತಾಯಿ' ಎಂಬಲ್ಲಿ ಅಡ್ಡಗೆರೆಯ ಎರಡೂ ಬದಿಗಳನ್ನು ಪ್ರತ್ಯೇಕವಾಗಿ ನೋಡಿದರೆ ಸಾಕು.

4. ಪದಪಟ್ಟಿಯ ಬದಲು ಪದಮೂಲ ಮತ್ತು ಪ್ರತ್ಯಯ

ಇದೇ ಈ ಕೆಲಸದ ಹೃದಯ. 'ಮನೆ' ಎಂಬ ಒಂದು ಪದಕ್ಕೆ ಏಳು ವಿಭಕ್ತಿಗಳು, ಎರಡು ವಚನಗಳು ಎಂದರೆ 14 ರೂಪಗಳು. ಪ್ರತಿಯೊಂದಕ್ಕೂ ಊ, ಏ, ಓ, ಆ ಎಂಬ ಅವಧಾರಣೆ ಮತ್ತು ಪ್ರಶ್ನೆಯ ಬಾಲಗಳು ಸೇರಿದರೆ, ಬಾಲವಿಲ್ಲದವನ್ನೂ ಕೂಡಿ 70. ಮನೆಯಲ್ಲಿದೆ, ಮನೆಯಲ್ಲಿಲ್ಲ, ಮನೆಯಲ್ಲಿದ್ದವರಿಗೂ ಎಂದು ಕ್ರಿಯಾಪದಗಳು ಬೆಸೆದುಕೊಳ್ಳತೊಡಗಿದರೆ ಲೆಕ್ಕವೇ ತಪ್ಪುತ್ತದೆ. ಇಷ್ಟನ್ನೂ ಪಟ್ಟಿ ಮಾಡಿ ಗೆದ್ದವರಿಲ್ಲ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡಗ್ಲಸ್ ಮ್ಯಾಕ್‌ಇಲ್‌ರಾಯ್ ಅವರು ಯೂನಿಕ್ಸ್‌ನ ಸ್ಪೆಲ್ ಎಂಬ ತಂತ್ರಾಂಶವನ್ನು ತಿದ್ದಿ ಬರೆದಾಗ, ಇಂಗ್ಲಿಷ್‌ನಂಥ ಸರಳ ಪ್ರತ್ಯಯಗಳ ಭಾಷೆಗೂ ಪ್ರತ್ಯಯಗಳನ್ನು ಕಳಚಿ ಸುಮಾರು 30,000 ಮೂಲಪದಗಳನ್ನು 64 ಕಿಲೋಬೈಟ್ ಸ್ಮೃತಿಯ ಮಿತಿಯೊಳಗೆ ಹಿಡಿಸಿದ್ದರು. ಇಂದು ಸ್ಮೃತಿಗೆ ಬರವಿಲ್ಲ, ಆದರೆ ಕನ್ನಡಕ್ಕೆ ಆ ಉಪಾಯ ಇನ್ನೂ ಬೇಕೇ ಬೇಕು.

ಅದಕ್ಕೆ ಸಿದ್ಧ ಸಾಧನ ಹನ್‌ಸ್ಪೆಲ್. ಹಂಗೇರಿಯ ಲಾಸ್ಲೊ ನೇಮೆತ್ ಅವರು ಪ್ರತ್ಯಯಗಳು ಸಾಲುಗಟ್ಟಿ ಹತ್ತುವ ತಮ್ಮ ಭಾಷೆಗಾಗಿ ಇದನ್ನು ರೂಪಿಸಿದರು. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಕ್ರೋಮ್‌ಗಳೆಲ್ಲ ಇದನ್ನೇ ಬಳಸುತ್ತವೆ. ಇದಕ್ಕೆ ಎರಡು ಕಡತಗಳು: ಮೂಲಪದಗಳ ಡಿಕ್ ಕಡತ ಮತ್ತು ನಿಯಮಗಳ ಆಫ್ ಕಡತ. ಫೆಡೋರಾದಂಥ ಲಿನಕ್ಸ್ ವಿತರಣೆಗಳಲ್ಲಿ ಕನ್ನಡದ ಹನ್‌ಸ್ಪೆಲ್ ಪೊಟ್ಟಣ ಸಿಗುತ್ತದೆ. ಅದನ್ನು ಆರಂಭದ ಬಂಡವಾಳವಾಗಿ ತೆಗೆದುಕೊಳ್ಳಿ, ಅದರ ಪರವಾನಗಿಯನ್ನು ಓದಿಕೊಳ್ಳಿ, ನಿಯಮಗಳನ್ನು ಮಾತ್ರ ನೀವೇ ಬೆಳೆಸುವ ಸಿದ್ಧತೆಯಲ್ಲಿರಿ.

ನಿಯಮಗಳ ಕಡತದ ಮೊದಲಲ್ಲಿ ಅಕ್ಷರ ಸಂಕೇತನವನ್ನು ಯುಟಿಎಫ್-8 ಎಂದೂ, ಗುಂಪಿನ ಗುರುತುಗಳನ್ನು ಸಂಖ್ಯೆಗಳೆಂದೂ ಘೋಷಿಸಿ. ಬಳಿಕ ಮೂಲಪದಗಳ ಕಡತದಲ್ಲಿ ಹೀಗೆ ಬರೆಯಬಹುದು:

ಮನೆ/10
ಊರು/20
ಗುರು/21
ಮರ/30

ನಿಯಮಗಳ ಕಡತದಲ್ಲಿ ಸಪ್ತಮೀ ವಿಭಕ್ತಿಗೆ ಹೀಗೆ:

ಎಸ್‌ಎಫ್‌ಎಕ್ಸ್ 10 0 ಯಲ್ಲಿ .
ಎಸ್‌ಎಫ್‌ಎಕ್ಸ್ 20 ು ಿನಲ್ಲಿ ು
ಎಸ್‌ಎಫ್‌ಎಕ್ಸ್ 21 0 ವಿನಲ್ಲಿ .
ಎಸ್‌ಎಫ್‌ಎಕ್ಸ್ 30 0 ದಲ್ಲಿ .

ಸಾಲಿನ ಎರಡನೆಯ ಅಂಕಣ ಗುಂಪು, ಮೂರನೆಯದು ಪದದ ಕೊನೆಯಿಂದ ಕಳಚಬೇಕಾದದ್ದು, ನಾಲ್ಕನೆಯದು ಸೇರಿಸಬೇಕಾದದ್ದು, ಐದನೆಯದು ಷರತ್ತು. ಸೊನ್ನೆ ಎಂದರೆ ಏನನ್ನೂ ಕಳಚಬೇಡ ಎಂದರ್ಥ, ಚುಕ್ಕೆ ಎಂದರೆ ಷರತ್ತಿಲ್ಲ. ಪ್ರತಿ ಗುಂಪಿನ ಮೇಲೆ ಎಷ್ಟು ನಿಯಮಗಳಿವೆ ಎಂದು ತಿಳಿಸುವ ಒಂದು ತಲೆಸಾಲೂ ಇರಬೇಕು. ಶಾಲೆಯಲ್ಲಿ ಕಲಿತ ಯಕಾರಾಗಮ, ವಕಾರಾಗಮ, ಲೋಪಸಂಧಿಗಳೇ ಇಲ್ಲಿ ಅಂಕಣಗಳಾಗಿ ಕುಳಿತಿರುವುದನ್ನು ಗಮನಿಸಿ.

ಈ ನಾಲ್ಕು ಸಾಲುಗಳಲ್ಲೇ ಎರಡು ಪಾಠಗಳಿವೆ. 'ಊರು' ಮತ್ತು 'ಗುರು' ಎರಡೂ ಒಂದೇ ಅಕ್ಷರದಲ್ಲಿ ಮುಗಿದರೂ ಒಂದು 'ಊರಿನಲ್ಲಿ' ಆಗುತ್ತದೆ, ಇನ್ನೊಂದು 'ಗುರುವಿನಲ್ಲಿ' ಆಗುತ್ತದೆ. ಕೊನೆಯ ಅಕ್ಷರವನ್ನು ನೋಡಿ ನಿಯಮವನ್ನು ಊಹಿಸುವ ಚಾತುರ್ಯ ಕನ್ನಡದಲ್ಲಿ ನಡೆಯುವುದಿಲ್ಲ, ಪ್ರತಿ ಪದಕ್ಕೂ ಕನ್ನಡ ಬಲ್ಲವರೊಬ್ಬರು ಕುಳಿತು ಗುಂಪನ್ನು ಗೊತ್ತುಮಾಡಬೇಕು. ಅಕಾರದಲ್ಲಿ ಕೊನೆಯಾಗುವ 'ಮರ'ದಂಥ ಪದಗಳಲ್ಲಿ ಆ ಅಕಾರಕ್ಕೆ ಯೂನಿಕೋಡ್‌ನಲ್ಲಿ ಯಾವ ಚಿಹ್ನೆಯೂ ಇಲ್ಲವಾದ್ದರಿಂದ, 'ಅಕಾರಾಂತ' ಎಂಬ ಷರತ್ತನ್ನು ನೇರವಾಗಿ ಹೇಳಲಾಗದು. ಬೇರೆ ಯಾವ ಗುಣಿತಚಿಹ್ನೆಯೂ ಹಲಂತವೂ ಇಲ್ಲ ಎಂದು ನಿಷೇಧರೂಪದಲ್ಲಿ ಹೇಳಬೇಕು. ಅದೂ ಸಾಲದೆ 'ಮರ'ಕ್ಕೆ 'ಮರದಲ್ಲಿ', 'ಹುಡುಗ'ನಿಗೆ 'ಹುಡುಗನಲ್ಲಿ' ಎಂಬ ಲಿಂಗಭೇದವಿದೆ. ಇದೂ ಗುಂಪಿನ ಸಂಖ್ಯೆಯಿಂದಲೇ ಬಗೆಹರಿಯಬೇಕು.

ಹನ್‌ಸ್ಪೆಲ್ ಸಾಮಾನ್ಯವಾಗಿ ಎರಡು ಹಂತದ ಪರಪ್ರತ್ಯಯಗಳನ್ನು ಮಾತ್ರ ಕಳಚುತ್ತದೆ. ಹಾಗಾಗಿ ವಚನ ಮತ್ತು ವಿಭಕ್ತಿಯನ್ನು ಒಂದೇ ಹಂತವಾಗಿ ಬೆಸೆದು 'ಗಳಲ್ಲಿ', 'ಗಳಿಗೆ', 'ಗಳನ್ನು' ಎಂದು ಬರೆಯಿರಿ. 'ಯೂ', 'ಯೇ', 'ಯೋ' ಎಂಬ ಬಾಲಗಳನ್ನು ಎರಡನೆಯ ಹಂತಕ್ಕೆ ಇರಿಸಿ. ಸಮಾಸಪದಗಳಿಗೆಂದು ಹನ್‌ಸ್ಪೆಲ್‌ನಲ್ಲಿ ಬೇರೆ ನಿಯಮಗಳಿವೆ, ಆದರೆ ನಾನು ಅವನ್ನು ಬಳಸುವುದಿಲ್ಲ. ಅವನ್ನು ಸಡಿಲ ಬಿಟ್ಟರೆ ಯಾವ ಎರಡು ಪದಗಳು ಅಂಟಿಕೊಂಡರೂ ಸರಿಯೆನಿಸಿಕೊಳ್ಳುತ್ತವೆ. 'ಮಳೆಗಾಲ', 'ಬೆಟ್ಟದಾವರೆ' ಮುಂತಾದವನ್ನು ಮೂಲಪದಗಳಾಗಿಯೇ ಸೇರಿಸುವುದು ಒಳ್ಳೆಯದು.

ಉಳಿಯುವುದು ಬೆಸೆದ ಕ್ರಿಯಾಪದಗಳು. ಹನ್‌ಸ್ಪೆಲ್ ಒಪ್ಪದ ಪದವನ್ನು ಒಡನೆಯೇ ತಪ್ಪೆಂದು ಸಾರದೆ, ಅದನ್ನು ಸಣ್ಣದೊಂದು ಬಾಲ ಕಳಚುವ ಫಂಕ್ಷನ್‌ಗೆ ಕೊಡಿ. 'ಬರುವುದಿಲ್ಲವೆಂದು' ಎಂಬ ಪದದ ಕೊನೆಯಿಂದ 'ವೆಂದು' ತೆಗೆದರೆ 'ಬರುವುದಿಲ್ಲ' ಉಳಿಯುತ್ತದೆ. ಅದರ ಕೊನೆಯ ಇಕಾರಸಹಿತ 'ಇಲ್ಲ'ವನ್ನು ತೆಗೆದು ಉಕಾರವನ್ನು ಮರಳಿಸಿದರೆ 'ಬರುವುದು' ಸಿಗುತ್ತದೆ, ಅದು ಪದಕೋಶದಲ್ಲಿದೆ. ಎಂದು, ಎಂಬ, ಇದೆ, ಇಲ್ಲ, ಇದ್ದ, ಅಲ್ಲ, ಆದರೆ, ಆಗಿ ಇವುಗಳ ಸಂಧಿರೂಪಗಳನ್ನು ಸೇರಿಸಿದರೇ ಸುಳ್ಳು ಗೆರೆಗಳು ಕಣ್ಣಿಗೆ ಕಾಣುವಷ್ಟು ಇಳಿಯುತ್ತವೆ. ಎರಡಕ್ಕಿಂತ ಹೆಚ್ಚು ಬಾರಿ ಕಳಚಬೇಡಿ, ಉಳಿದ ತುಂಡು ಎರಡು ಅಕ್ಷರಕ್ಕಿಂತ ಚಿಕ್ಕದಾದರೆ ಒಪ್ಪಬೇಡಿ.

5. ಎಂಜಿನ್ ಎಲ್ಲಿ ಓಡಬೇಕು?

ಬ್ರೌಸರಿನಲ್ಲಿಯೋ ಸರ್ವರಿನಲ್ಲಿಯೋ ಎಂಬುದು ಖಾಸಗಿತನದ ಪ್ರಶ್ನೆಯೂ ಹೌದು. ಬ್ರೌಸರಿನಲ್ಲೇ ಓಡಿದರೆ ಬರಹ ಎಲ್ಲಿಗೂ ಹೋಗುವುದಿಲ್ಲ, ನೆಟ್‌ವರ್ಕ್ ಇಲ್ಲದ ಊರಲ್ಲೂ ಕೆಲಸ ನಡೆಯುತ್ತದೆ. ಆದರೆ ಇಲ್ಲೊಂದು ಹೊಂಡವಿದೆ. ಟೈಪೊ ಜೆಎಸ್‌ನಂಥ ಶುದ್ಧ ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಪದಕೋಶವನ್ನು ಓದುವಾಗಲೇ ಪ್ರತಿ ಮೂಲಪದದ ಎಲ್ಲ ರೂಪಗಳನ್ನೂ ಹುಟ್ಟಿಸಿ ಸ್ಮೃತಿಯಲ್ಲಿ ತುಂಬುತ್ತವೆ. ಇಂಗ್ಲಿಷ್‌ಗೆ ಅದು ನಡೆದೀತು. 50,000 ಕನ್ನಡ ನಾಮಪದಗಳಿಗೆ ತಲಾ 70 ರೂಪಗಳೆಂದರೆ 35 ಲಕ್ಷ ಪದಗಳು. ಸಾಧಾರಣ ಮೊಬೈಲ್ ಅಲ್ಲೇ ಸುಸ್ತಾಗುತ್ತದೆ. ಆದ್ದರಿಂದ ಪದ ಎದುರಾದಾಗ ಪ್ರತ್ಯಯ ಕಳಚಿ ನೋಡುವ ಮೂಲ ಹನ್‌ಸ್ಪೆಲ್ ಅನ್ನೇ ಬ್ರೌಸರಿನಲ್ಲಿ ಓಡಬಲ್ಲ ವೆಬ್‌ಅಸೆಂಬ್ಲಿಗೆ ಪರಿವರ್ತಿಸಿದ ಆವೃತ್ತಿಯನ್ನು ಆರಿಸಿ, ಅದನ್ನು ಪುಟಕ್ಕೆ ಅಡ್ಡಿಯಾಗದೆ ಹಿನ್ನೆಲೆಯಲ್ಲಿ ಓಡುವ ವೆಬ್ ವರ್ಕರ್‌ನೊಳಗೆ ಓಡಿಸಿ. ಮುಖ್ಯ ಎಳೆಯಲ್ಲಿ ಓಡಿಸಿದರೆ ಬರೆಯುವಾಗ ಅಕ್ಷರಗಳು ತಡವರಿಸುತ್ತವೆ.

ಸರ್ವರಿನಲ್ಲಿ ಇಡುವುದಾದರೆ, ಇಡೀ ದಾಖಲೆಯ ಬದಲು ಬದಲಾದ ಪ್ಯಾರಾವನ್ನು ಮಾತ್ರ ಕಳುಹಿಸಿ, ಉತ್ತರವಾಗಿ ತಪ್ಪು ಪದದ ಆರಂಭದ ಸ್ಥಾನವನ್ನೂ ಉದ್ದವನ್ನೂ ಪಡೆಯಿರಿ, ಕಳುಹಿಸಿದ ಪಠ್ಯವನ್ನು ಲಾಗ್ ಕಡತದಲ್ಲಿ ಉಳಿಸಬೇಡಿ. ಸ್ಥಾನದ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ಜಾವಾಸ್ಕ್ರಿಪ್ಟ್ ಯುಟಿಎಫ್-16ರ ಘಟಕಗಳನ್ನು ಎಣಿಸುತ್ತದೆ, ಪೈಥಾನ್ ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ಕನ್ನಡ ಅಕ್ಷರಗಳ ಮಟ್ಟಿಗೆ ಎರಡೂ ಒಂದೇ ಆದ್ದರಿಂದ ಪರೀಕ್ಷೆಯಲ್ಲಿ ಎಲ್ಲವೂ ಸರಿಯೆಂದೇ ಕಾಣುತ್ತದೆ. ಯಾರೋ ಒಬ್ಬರು ಬರಹದ ನಡುವೆ ಒಂದು ನಗುಮುಖದ ಎಮೋಜಿ ಹಾಕಿದೊಡನೆ ಅಲ್ಲಿಂದ ಮುಂದಿನ ಗೆರೆಗಳೆಲ್ಲ ಒಂದೊಂದು ಘಟಕ ಹಿಂದಕ್ಕೆ ಸರಿಯುತ್ತವೆ. ಯಾವ ಎಣಿಕೆ ಎಂಬುದನ್ನು ಮೊದಲೇ ಗೊತ್ತುಮಾಡಿ, ಎಮೋಜಿ ಇರುವ ವಾಕ್ಯವನ್ನು ಪರೀಕ್ಷೆಗೆ ಸೇರಿಸಿಡಿ. ಎರಡನೆಯ ಹೆಜ್ಜೆಯಲ್ಲಿ ಸೋಸಿದ ಪ್ರತಿಯ ಸ್ಥಾನಗಳನ್ನು ಮೂಲ ಪಠ್ಯದ ಸ್ಥಾನಗಳಿಗೆ ಹೊಂದಿಸುವ ಕೋಷ್ಟಕವೂ ಇಲ್ಲಿಯೇ ಬೇಕಾಗುತ್ತದೆ.

6. ಬರೆಯುವವರ ಕೈಗೆ ಅಡ್ಡಬಾರದಂತೆ ಗೆರೆ ಎಳೆಯಿರಿ

ಪ್ರತಿ ಕೀಲಿಗೂ ತಪಾಸಣೆ ಮಾಡಬೇಡಿ. ಬೆರಳು ನಿಂತು ಅರ್ಧ ಸೆಕೆಂಡ್ ಕಳೆದ ಮೇಲೆ ಮಾಡಿ. ಕರ್ಸರ್ ಇರುವ ಪದಕ್ಕೆ ಗೆರೆ ಎಳೆಯಲೇಬೇಡಿ, ಏಕೆಂದರೆ ಕನ್ನಡದಲ್ಲಿ ಅರ್ಧ ಬರೆದ ಪದ ಹಲಂತದಲ್ಲಿ ನಿಂತು ಯಾವಾಗಲೂ ತಪ್ಪಾಗಿಯೇ ಕಾಣುತ್ತದೆ. ಲಿಪ್ಯಂತರ ಮಾಡಿ ಬರೆಯುವವರಲ್ಲಿ ರೋಮನ್ ಅಕ್ಷರಗಳು ಕನ್ನಡವಾಗುವ ನಡುವಿನ ಸ್ಥಿತಿಯೊಂದಿರುತ್ತದೆ. ಕಂಪೊಸಿಷನ್‌ಸ್ಟಾರ್ಟ್ ಘಟನೆ ಬಂದಾಗ ತಪಾಸಣೆಯನ್ನು ನಿಲ್ಲಿಸಿ, ಕಂಪೊಸಿಷನ್‌ಎಂಡ್ ಬಂದ ಮೇಲೆ ಮುಂದುವರಿಸಿ. ಪ್ರತಿ ವಿನಂತಿಗೂ ಏರುವ ಒಂದು ಸಂಖ್ಯೆಯನ್ನು ಅಂಟಿಸಿ, ಹಳೆಯ ಸಂಖ್ಯೆಯ ಉತ್ತರ ತಡವಾಗಿ ಬಂದರೆ ಎಸೆದುಬಿಡಿ.

ಗೆರೆ ಎಳೆಯುವ ವಿಧಾನ ಪೆಟ್ಟಿಗೆಯ ಬಗೆಯನ್ನು ಅವಲಂಬಿಸಿದೆ. ಕಂಟೆಂಟ್‌ಎಡಿಟಬಲ್ ಪೆಟ್ಟಿಗೆಯಾದರೆ ಸಿಎಸ್‌ಎಸ್ ಕಸ್ಟಮ್ ಹೈಲೈಟ್ ಎಂಬ ಹೊಸ ಸೌಲಭ್ಯವು ಪುಟದ ರಚನೆಯನ್ನು ಮುಟ್ಟದೆಯೇ ಬೇಕಾದ ವ್ಯಾಪ್ತಿಗೆ ಅಲೆಗೆರೆ ಹಾಕುತ್ತದೆ. ಸ್ಪ್ಯಾನ್ ಟ್ಯಾಗ್‌ಗಳನ್ನು ಪಠ್ಯದೊಳಗೆ ತುರುಕಿ ಕರ್ಸರನ್ನು ಕಳೆದುಕೊಳ್ಳುವ ಹಳೆಯ ಪಾಡು ಇಲ್ಲ. ಟೆಕ್ಸ್ಟ್‌ಏರಿಯಾ ಆದರೆ ಅದು ಕೆಲಸ ಮಾಡದು. ಅದೇ ಫಾಂಟ್, ಅದೇ ಅಗಲ, ಅದೇ ಸಾಲಿನೆತ್ತರದ ಪಾರದರ್ಶಕ ಪೆಟ್ಟಿಗೆಯೊಂದನ್ನು ಹಿಂದೆ ಇರಿಸಿ, ಪಠ್ಯವನ್ನು ಅದರಲ್ಲಿ ಪ್ರತಿಬಿಂಬಿಸಿ, ಸ್ಕ್ರೋಲ್ ಅನ್ನು ಎರಡಕ್ಕೂ ಹೊಂದಿಸಬೇಕು. ಅಲೆಗೆರೆ ಕನ್ನಡದ ಒತ್ತಕ್ಷರಗಳ ಮೇಲೆ ಹಾದುಹೋಗಿ ಓದನ್ನು ಕೆಡಿಸುತ್ತದೆ. ಟೆಕ್ಸ್ಟ್ ಅಂಡರ್‌ಲೈನ್ ಆಫ್‌ಸೆಟ್ ಎಂಬ ಗುಣದಿಂದ ಗೆರೆಯನ್ನು ಕೆಳಕ್ಕೆ ತಳ್ಳಿ, ಸಾಲಿನೆತ್ತರವನ್ನು 1.8ರ ಆಸುಪಾಸಿಗೆ ಏರಿಸಿ.

7. ಸಲಹೆಗಳು: ಕನ್ನಡದ ಕೈ ಹೇಗೆ ತಪ್ಪುತ್ತದೆ

ಸಲಹೆಗಳನ್ನು ಎಲ್ಲ ತಪ್ಪುಗಳಿಗೂ ಮೊದಲೇ ಲೆಕ್ಕ ಹಾಕಬೇಡಿ, ಬಳಕೆದಾರರು ಪದವನ್ನು ಒತ್ತಿದಾಗ ಮಾತ್ರ ಹಾಕಿ; ಇದು ದುಬಾರಿ ಕೆಲಸ. ಎರಡು ಪದಗಳ ನಡುವಿನ ದೂರವನ್ನು ಒಂದು ಸಂಕೇತ ಸೇರಿಸುವುದು, ತೆಗೆಯುವುದು, ಬದಲಿಸುವುದು ಎಂಬ ಲೆವೆನ್‌ಸ್ಟೈನ್ ಲೆಕ್ಕದಿಂದ ಅಳೆಯುವುದು ರೂಢಿ. ಇಲ್ಲಿ ಅಕ್ಷರಗಳನ್ನು ಎಣಿಸದೆ ಯೂನಿಕೋಡ್ ಸಂಕೇತಗಳನ್ನೇ ಎಣಿಸಿ: 'ಆಸ್ಪತ್ರೆ'ಯಲ್ಲಿ ಅಕ್ಷರಗಳು ಮೂರೇ, ಸಂಕೇತಗಳು ಎಂಟು, ಅಕ್ಷರದ ಲೆಕ್ಕದಲ್ಲಿ ಒಂದು ಒತ್ತು ತಪ್ಪಿದರೂ ಪದದ ಮೂರನೆಯ ಒಂದು ಭಾಗವೇ ಬದಲಾದಂತಾಗುತ್ತದೆ.

ಎಲ್ಲ ಬದಲಾವಣೆಗಳಿಗೂ ಒಂದೇ ಬೆಲೆ ಕಟ್ಟಬಾರದು. ನುಡಿ ಕೀಲಿಮಣೆಯಲ್ಲಿ ದ ಬರೆಯುವ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ಧ, ಲ ಇದ್ದಲ್ಲಿ ಳ, ನ ಇದ್ದಲ್ಲಿ ಣ, ಸ ಇದ್ದಲ್ಲಿ ಶ, ಇಕಾರವಿದ್ದಲ್ಲಿ ಈಕಾರ ಬರುತ್ತವೆ. ಶಿಫ್ಟ್ ಸರಿಯಾಗಿ ಒತ್ತದಿದ್ದರೆ ಆಗುವ ತಪ್ಪು, ಉಚ್ಚಾರಣೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳನ್ನು ಬೇರ್ಪಡಿಸದವರು ಮಾಡುವ ತಪ್ಪು ಎರಡೂ ಒಂದೇ ಕಡೆ ಬಂದು ಸೇರುತ್ತವೆ. ಆದ್ದರಿಂದ ಈ ಜೋಡಿಗಳ ಬದಲಾವಣೆಗೆ 0.3, ಬೇರೆ ಬದಲಾವಣೆಗಳಿಗೆ 1 ಎಂದು ಬೆಲೆಯಿಡಿ. ಹನ್‌ಸ್ಪೆಲ್‌ನಲ್ಲೇ ಇದನ್ನು ಮಾಡಬೇಕೆಂದರೆ ಮ್ಯಾಪ್ ಎಂಬ ನಿರ್ದೇಶನದಲ್ಲಿ 'ದಧ', 'ತಥ', 'ಸಶಷ', 'ಲಳ', 'ನಣ' ಎಂದು ಸಾಲುಗಳನ್ನು ಬರೆಯಿರಿ. 'ವಿಧ್ಯಾರ್ತಿ' ಎಂಬ ಪದದಲ್ಲಿ ಎರಡು ತಪ್ಪುಗಳಿದ್ದರೂ 'ವಿದ್ಯಾರ್ಥಿ' ಎಂಬ ಸಲಹೆ ಮೊದಲ ಸಾಲಿಗೇ ಬರುತ್ತದೆ. 'ಕ್ರುಪೆ' ಎಂದದ್ದನ್ನು 'ಕೃಪೆ' ಮಾಡುವಂಥ ಒಂದಕ್ಕಿಂತ ಹೆಚ್ಚು ಸಂಕೇತಗಳ ಅದಲುಬದಲಿಗೆ ರೆಪ್ ಎಂಬ ನಿರ್ದೇಶನವಿದೆ. ಐದಕ್ಕಿಂತ ಹೆಚ್ಚು ಸಲಹೆಗಳನ್ನು ತೋರಿಸಬೇಡಿ.

'ಹಾಲು' ಎಂಬಲ್ಲಿ 'ಹಾಳು', 'ಮಧ್ಯ' ಎಂಬಲ್ಲಿ 'ಮದ್ಯ' ಬರೆದರೆ ಎರಡೂ ಪದಕೋಶದಲ್ಲಿರುವುದರಿಂದ ಈವರೆಗಿನ ಯಾವ ಹೆಜ್ಜೆಯೂ ಅದನ್ನು ಹಿಡಿಯಲಾರದು. 'ಮದ್ಯ ಪ್ರದೇಶ', 'ಮಧ್ಯ ಮಾರಾಟ' ಎಂಬಂಥ ಜೋಡಿಗಳ ಸಣ್ಣ ಪಟ್ಟಿ ಮಾಡಿ ಅವಕ್ಕೆ ನೀಲಿ ಗೆರೆ ಕೊಡಬಹುದು.

ಸಲಹೆಯನ್ನು ಆರಿಸಿದಾಗ ಪೆಟ್ಟಿಗೆಯ ಮೌಲ್ಯವನ್ನೇ ಬದಲಿಸಿದರೆ ಕಂಟ್ರೋಲ್ ಜೆಡ್ ಕೆಲಸ ಮಾಡುವುದಿಲ್ಲ. ಹಳತೆಂದು ಗುರುತಿಸಲಾದ ಎಕ್ಸೆಕ್‌ಕಮಾಂಡ್‌ನ ಇನ್ಸರ್ಟ್‌ಟೆಕ್ಸ್ಟ್ ಆಜ್ಞೆಯೇ ಹಿಂದಿರುಗುವ ದಾರಿಯನ್ನು ಉಳಿಸಿಕೊಡುತ್ತದೆ. ಒಮ್ಮೆಗೇ ಹಲವು ಪದಗಳನ್ನು ಬದಲಿಸುವಾಗ ಕೊನೆಯಿಂದ ಮೊದಲಿಗೆ ಬನ್ನಿ, ಆಗ ಉಳಿದ ಸ್ಥಾನಗಳು ಕದಲುವುದಿಲ್ಲ. ಸಲಹೆಗಳ ಪಟ್ಟಿಯನ್ನು ಪುಟಕ್ಕೆ ಸೇರಿಸುವಾಗ ಎಚ್‌ಟಿಎಂಎಲ್ ಆಗಿ ಅಲ್ಲದೆ ಬರಿಯ ಪಠ್ಯವಾಗಿಯೇ ಸೇರಿಸಿ. ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ ಬಳಸುವವರಿಗಾಗಿ ಏರಿಯಾ-ಇನ್‌ವ್ಯಾಲಿಡ್ ಗುಣಲಕ್ಷಣದಲ್ಲಿ 'ಸ್ಪೆಲ್ಲಿಂಗ್' ಎಂಬ ಮೌಲ್ಯಕ್ಕೆ ಅವಕಾಶವಿದೆ.

8. ಪರೀಕ್ಷೆ ಮತ್ತು ಪದಕೋಶದ ಆರೈಕೆ

ಕರಡು ತಿದ್ದಿ ಮುಗಿದ, ತಪ್ಪಿಲ್ಲವೆಂದು ಖಚಿತವಾದ ಒಂದಷ್ಟು ಬರಹಗಳನ್ನು ಕೂಡಿಸಿ ತಪಾಸಕದ ಮೂಲಕ ಹಾಯಿಸಿ. ಅಲ್ಲಿ ಬೀಳುವ ಪ್ರತಿ ಗೆರೆಯೂ ಸುಳ್ಳು ಗೆರೆ. ನೂರು ಪದಕ್ಕೆ ಒಂದಕ್ಕಿಂತ ಹೆಚ್ಚು ಬಿದ್ದರೆ ನಾನು ಬಳಕೆದಾರರ ಮುಂದೆ ಇಡುವುದಿಲ್ಲ. ಉಳಿದ ಸುಳ್ಳು ಗೆರೆಗಳಲ್ಲಿ ಬಹುಪಾಲು ಊರು ಮತ್ತು ವ್ಯಕ್ತಿಗಳ ಹೆಸರುಗಳಾಗಿರುತ್ತವೆ. 31 ಜಿಲ್ಲೆಗಳ, ತಾಲ್ಲೂಕುಗಳ, ಹೋಬಳಿಗಳ ಹೆಸರುಗಳನ್ನು ವಿಭಕ್ತಿಯ ಗುಂಪಿನೊಂದಿಗೆ ಸೇರಿಸಿ. 'ಕಲಬುರಗಿ'ಯೋ 'ಕಲಬುರ್ಗಿ'ಯೋ, 'ತಾಲೂಕು' ಎಂದೋ 'ತಾಲ್ಲೂಕು' ಎಂದೋ ಎಂಬ ತೀರ್ಮಾನ ತಂತ್ರಜ್ಞರದ್ದಲ್ಲ. ಸಂಸ್ಥೆಯ ಸಂಪಾದಕರಿಂದ ಬರೆಸಿಕೊಳ್ಳಿ, ಬರೆಸಿಕೊಳ್ಳುವವರೆಗೆ ಎರಡನ್ನೂ ಒಪ್ಪಿ.

ಪದಕೋಶದ ಕಡತದ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆ ಇರಲಿ, ಬ್ರೌಸರ್ ಹಳೆಯ ಪ್ರತಿಯನ್ನೇ ಹಿಡಿದು ಕೂರುವುದು ತಪ್ಪುತ್ತದೆ. 'ಪದಕೋಶಕ್ಕೆ ಸೇರಿಸು' ಎಂಬ ಗುಂಡಿ ಒತ್ತಿದ ಪದ ಆಯಾ ಬಳಕೆದಾರರ ಖಾಸಗಿ ಪಟ್ಟಿಗೆ ತಕ್ಷಣ ಹೋಗಬೇಕು. ಎಲ್ಲರ ಪದಕೋಶಕ್ಕೆ ಮಾತ್ರ ಕರಡು ತಿದ್ದುವವರೊಬ್ಬರು ನೋಡಿ ಒಪ್ಪಿದ ಮೇಲೆಯೇ ಹೋಗಬೇಕು. ಇಷ್ಟು ಜನ ಸೇರಿಸಿದರೆ ತಾನಾಗಿ ಒಪ್ಪಿಕೊಳ್ಳಲಿ ಎಂಬ ನಿಯಮವನ್ನು ನಾನೂ ಒಮ್ಮೆ ಬರೆದಿದ್ದೆ. ಯುಗಾದಿಯ ವಾರದಲ್ಲಿ ಆ ದಾರಿಯಿಂದ ಮೊದಲು ಒಳಬಂದ ಪದ 'ಶುಭಾಷಯ'. ಈಗ ಅದು ಹನ್‌ಸ್ಪೆಲ್‌ನ ಫರ್ಬಿಡನ್‌ವರ್ಡ್ ಗುರುತಿನೊಂದಿಗೆ ನಿಷೇಧಿತ ಪಟ್ಟಿಯಲ್ಲಿದೆ, ಸಲಹೆಯಾಗಿ 'ಶುಭಾಶಯ' ಒಂದೇ ಬರುತ್ತದೆ.